ದೊಡ್ಡತಾಯಮ್ಮ ನೆಂಟಸ್ತಿಕೆ ಕಡಿದುಕೊಂಡದ್ದು

ಹನಗೋಡಿನ ದೊಡ್ಡತಾಯಮ್ಮನ ಪಕ್ಕ ಬಸ್ಸಿನಲ್ಲಿ ಕೂತವರು ಹುಣಸೂರಿನಲ್ಲಿ ಇಳಿಯುವ ಹೊತ್ತಿಗೆ ಆಕೆಗೆ ಏನಾದರೂ ಆಗಿಬಿಟ್ಟಿರುತ್ತಿದ್ದರು. ಚಿಕ್ಕಮ್ಮನೋ, ಬೀಗಿತ್ತಿಯೋ, ತಮ್ಮನ ಷಡ್ಡಕನೋ. ಯಾವೂರು, ಯಾರ ಮಗಳು, ತಾಯಿಯ ತವರು ಯಾವುದು ಎಂದು ಕೇಳುತ್ತ ಹೋದರೆ ಎಲ್ಲಾದರೂ ಒಂದು ಎಳೆ ಸಿಗುತ್ತದೆ ಎಂಬುದು ಆಕೆ ಬದುಕಿನಲ್ಲಿ ಕಲಿತ ವಿದ್ಯೆ. ಸೂಜಿ ಚುಚ್ಚಲು ಬಂದ ನರ್ಸಮ್ಮ ಕೂಡ ತಪ್ಪಿಸಿಕೊಂಡಿರಲಿಲ್ಲ.

ದೊಡ್ಡತಾಯಮ್ಮ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಆಪರೇಷನ್ ಆದಮೇಲೆ ಮಗ ದೇವರಾಜು ನೋಡಿಕೊಳ್ಳಲು ಏಜೆನ್ಸಿಯಿಂದ ಒಬ್ಬಳನ್ನು ಗೊತ್ತುಮಾಡಿದ. ಹೊಗೆಸೊಪ್ಪಿನ ಕಾಲ, ಸೊಪ್ಪು ಬೇಯಿಸುವ ಬ್ಯಾರನ್ ಮುಂದೆಯೇ ಮನೆಯವರಿಗೆಲ್ಲ ಕೆಲಸ. ಏಜೆನ್ಸಿಯವರು ಫೋನಿನಲ್ಲೇ ಹೇಳಿದ್ದರು: ಸ್ನಾನ, ಬಟ್ಟೆ, ಮಾತ್ರೆ, ಊಟ, ನಡೆಸುವುದು. ಅಜ್ಜಿಯ ಕೆಲಸ ಮಾತ್ರ, ಮನೆಗೆಲಸ ಇಲ್ಲ. ಡಾಕ್ಟರ ಮಾತು ಇನ್ನೂ ಚಿಕ್ಕದು. ದಿನಾ ನಡೆದರೆ ಓಡಾಡುತ್ತೀರಿ, ಮಲಗಿದರೆ ಮಲಗಿದ್ದೇ.

ಬಂದವಳು ಭಾಗ್ಯ. ಮೊದಮೊದಲು ಚೆನ್ನಾಗಿತ್ತು. ವಾಕರ್ ಕೊಟ್ಟು, ಮುದುಕಿಯ ಬೆನ್ನಿಗೆ ತಾಗದ ಹಾಗೆ ಕೈ ಚಾಚಿಕೊಂಡು ಹಿಂದೆ ಬರುವಳು.

"ಹಿಡ್ಕೊಳವ್ವ, ಬಿದ್ದೋಯ್ತೀನಿ."

"ಬೀಳಕ್ಕೆ ಬುಡಾಕಿಲ್ಲ, ನಡೀರಿ."

ಬಚ್ಚಲಲ್ಲಿ ಬೆನ್ನು ಉಜ್ಜಿ, ಉಳಿದದ್ದಕ್ಕೆ ಚೊಂಬು ಕೈಗೆ ಕೊಟ್ಟು, ಬಾಗಿಲಲ್ಲೇ ಮುಖ ತಿರುಗಿಸಿ ನಿಲ್ಲುವಳು. ಮುದುಕಿಗೆ ಅವಳು ಬಹಳ ಹಿಡಿಸಿದಳು. ಹಿಡಿಸಿದ್ದೇ ಕೆಟ್ಟದ್ದಾಯಿತು. ಇಷ್ಟು ಒಳ್ಳೆಯವಳನ್ನು ಹೊರಗಿನವಳಾಗಿ ಇಟ್ಟುಕೊಳ್ಳುವುದು ಹೇಗೆ?

"ಯಾವೂರವ್ವ ನಿಂದು?"

"ಕಂಪಲಾಪುರಕ್ಕೆ ಕೊಟ್ಟವ್ರೆ. ಅಪ್ಪನೂರು ಚುಂಚನಕಟ್ಟೆ ತಾವ."

"ನಿಮ್ಮಪ್ಪ ಯಾರ ಮಗ?"

"ಚೆಲುವಯ್ಯನ ಮಗ."

"ಚೆಲುವಯ್ಯ ನಮ್ಮ ದೊಡ್ಡಪ್ಪನ ಷಡ್ಡಕ ಕಣವ್ವ. ಅಂಗಾರೆ ನಿಮ್ಮಪ್ಪ ನಂಗೆ ಅಣ್ಣಾಗ್ಬೇಕು. ನೀನು ಸೊಸೆ. ಇನ್ಮೇಲೆ ಅತ್ತೆ ಅನ್ನು."

ಭಾಗ್ಯ ಅತ್ತೆ ಅಂದಳು. ಮಾರನೆಯ ಬೆಳಿಗ್ಗೆ ದೇವರಾಜುವಿನ ಹೆಂಡತಿ ಹೇಮಶ್ರೀ ನಗುತ್ತ ಬಂದಳು.

"ನಮ್ಮೋಳೇ ಆದ್ಮೇಲೆ ಏನವ್ವ ನಾಚ್ಕೆ. ಬಾ, ನಾಕು ಕಡ್ಡಿ ಸೊಪ್ಪು ಕಟ್ಕೊಡು."

ಏಜೆನ್ಸಿಯ ಕಟ್ಟಳೆ ಹೊರಗಿನವರಿಗೆ. ನೆಂಟರಿಗೆ ಏಜೆನ್ಸಿ ಎಲ್ಲಿಯದು? ಭಾಗ್ಯ ಬ್ಯಾರನ್‌ಗೆ ಏರಿಸುವ ಕಡ್ಡಿಗಳಿಗೆ ಸೊಪ್ಪು ಕಟ್ಟಿದಳು. ಆಮೇಲೆ ಕೊಟ್ಟಿಗೆ ಬಾಚಿದಳು, ಆಳುಗಳಿಗೆ ಮುದ್ದೆ ತೊಳಸಿದಳು. ದೊಡ್ಡತಾಯಮ್ಮ ಕೂಗಿದರೆ ಬ್ಯಾರನ್ ಕಡೆಯಿಂದ "ಬಂದೆ ಅತ್ತೆ" ಎಂಬ ದನಿ ಬರುತ್ತಿತ್ತು. ಬರುತ್ತಿದ್ದದ್ದು ದನಿ ಮಾತ್ರ.

ಒಂದು ದಿನ ಮುದುಕಿ ಒದ್ದೆ ಸೀರೆಯಲ್ಲೇ ಕೂತಿದ್ದಾಗ ಪಕ್ಕದ ಮನೆಯ ಪುಟ್ಟಸಿದ್ದಮ್ಮ ಇಣುಕಿದಳು.

"ನೋಡ್ಕೊಳಕ್ಕೆ ನೆಂಟ್ಳೇ ಬಂದವ್ಳೆ ಅಂತ ಕೇರಿಗೆಲ್ಲ ಸಾರ್ದೆ. ಈಗ ನೀನೇ ನೆಂಟ್ಳ ದಾರಿ ಕಾಯ್ತಾ ಕುಂತಿದ್ದೀಯಲ್ಲಕ್ಕ."

ದೊಡ್ಡತಾಯಮ್ಮ ಸಿಟ್ಟಿನಲ್ಲಿ ಎದ್ದು ನಿಂತಳು. ಮೊಣಕಾಲು ಆಸ್ಪತ್ರೆಯಿಂದ ಬಂದ ದಿನದ ಹಾಗೆಯೇ ಗಡಗಡ ನಡುಗಿತು. ನಡೆದು ಎಷ್ಟು ದಿನವಾಯಿತೋ. ಮಲಗಿದರೆ ಮಲಗಿದ್ದೇ ಎಂಬ ಡಾಕ್ಟರ ಮಾತು ಈಗ ಮನಸ್ಸಿಗೆ ನಾಟಿತು.

ಅವತ್ತು ಉಣ್ಣಲು ಎಲ್ಲರೂ ಕೂತಾಗ ಮೆಲ್ಲಗೆ ಬಾಯಿ ತೆಗೆದಳು.

"ದೇವರಾಜ, ಒಂದು ಮರ್ತೋಗಿತ್ತು ಕಣ್ಲಾ. ಆ ಚೆಲುವಯ್ಯ ಬದುವಿನ ಜಗಳಕ್ಕೆ ನಮ್ಮಪ್ಪನ ಮೇಲೆ ಕೇಸಾಕಿದ್ದ. ಅವತ್ತಿಂದ ಅವರ ಮನೇಲಿ ನಾವು ನೀರೂ ಕುಡಿಯಾಕಿಲ್ಲ."

ಬದು ಹಾಕುವಷ್ಟು ಹೊಲ ತನ್ನ ತಾತ ಚೆಲುವಯ್ಯನಿಗೆ ಎಂದೂ ಇರಲಿಲ್ಲವೆಂದು ಭಾಗ್ಯಳಿಗೆ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಸಾರು ಬಡಿಸಿದಳು.

ದೇವರಾಜು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. "ಅಂತೋರ ಮನೆ ಎಣ್ಣು ಕೈಲಿ ಬಿಟ್ಟಿ ಕೆಲ್ಸ ಮಾಡಿಸ್ಕೊಂಡ್ವಲ್ಲವ್ವ. ಅವರ ಋಣ ನಮ್ಗ್ಯಾಕೆ?"

"ಅಂಗಾರೆ ಕಳಿಸ್ಬುಡನಾ?" ಅಂದಳು ಹೇಮಶ್ರೀ.

ದೊಡ್ಡತಾಯಮ್ಮ ತಟ್ಟನೆ ತಡೆದಳು. "ಯಾಕೆ ಕಳಿಸ್ತೀಯೆ? ನನ್ನ ನೋಡ್ಕೊಳಕ್ಕೆ ಸಂಬ್ಳ ಕೊಡ್ತೀವಿ, ಅದು ಋಣ ಅಲ್ಲ. ಸಂಬ್ಳ ಇಲ್ಲದ ಕೆಲ್ಸ ಮುಟ್ಟುಸ್ಬ್ಯಾಡ, ಅಷ್ಟೇಯ."

ಬೆಳಿಗ್ಗೆ ದೇವರಾಜು ಭಾಗ್ಯಳನ್ನು ಮೊದಲ ಸಲ ಬಹುವಚನದಲ್ಲಿ ಮಾತಾಡಿಸಿದ. "ಭಾಗ್ಯಮ್ಮನವ್ರೆ, ಅವ್ವನ ಕೆಲ್ಸ ನೋಡ್ಕೊಳಿ, ಸಾಕು." ಹೇಮಶ್ರೀ ಕಾಫಿ ಲೋಟವನ್ನು ಕೈಗೆ ಕೊಡದೆ ಜಗಲಿಯ ಮೇಲಿಟ್ಟು ಹೋದಳು. ಮುದುಕಿ ಅದನ್ನು ನೋಡಿಯೂ ನೋಡದವಳಂತೆ ವಾಕರ್‌ಗೆ ಕೈ ಚಾಚಿದಳು.

"ಇನ್ನು ನಾನು ಏನಂತ ಕರೀಲಿ?" ಭಾಗ್ಯ ದನಿ ತಗ್ಗಿಸಿ ಕೇಳಿದಳು.

"ಏಜೆನ್ಸಿಯೋರು ಏನಂದಿದ್ರು?"

"ಪೇಶೆಂಟು."

"ಅದನ್ನೇ ಅನ್ನು."

"ಸರಿ ಪೇಶೆಂಟೇ, ಬಲಗಾಲು ಮುಂದಿಡಿ."

ಹುಟ್ಟಿದಾಗಿನಿಂದ ಯಾರ ಜೊತೆಗೂ ನೆಂಟಸ್ತಿಕೆ ಕಡಿದುಕೊಂಡಿರದ ದೊಡ್ಡತಾಯಮ್ಮ, ಅಂಗಳ ದಾಟಿ ಬಚ್ಚಲಿನವರೆಗೂ ಬೆನ್ನಿಗೆ ತಾಗದ ಹಾಗೆ ಕೈ ಚಾಚಿಕೊಂಡು ಹಿಂದೆ ಬರುತ್ತಿದ್ದ ಹೊರಗಿನವಳ ಮುಂದೆ ನಡೆದಳು.