ನೀರಿಗೆ ಬೆನ್ನು ಮಾಡಿದ ಮರಿಲಿಂಗಪ್ಪ

ಭೀಮಾ ಹೊಳೆಯಲ್ಲಿ ಯಾರಾದರೂ ಮುಳುಗಿದರೆ ವಡಗೇರಾ ಕಡೆಯ ಜನ ಮೊದಲು ನೆನೆಯುತ್ತಿದ್ದದ್ದು ಮರಿಲಿಂಗಪ್ಪನನ್ನು. ಮೀನು ಹಿಡಿಯುವ ಮನೆತನ ಅವನದು. ಮೂವತ್ತು ದಾಟುವಷ್ಟರಲ್ಲಿ ಹೆಣ ತೆಗೆಯುವ ಕೆಲಸವೂ ಹೆಗಲಿಗೆ ಬಿದ್ದಿತ್ತು. ತಳದಲ್ಲಿ ಎಲ್ಲಿ ಕಲ್ಲು, ಎಲ್ಲಿ ಮಡು ಎಂಬುದು ಅವನ ಅಂಗಾಲಿಗೆ ಗೊತ್ತಿತ್ತು. ಪೊಲೀಸರು ಜೀಪು ಕಳಿಸುತ್ತಿದ್ದರು. ಹೋಗಿ ಮುಳುಗಿ, ಹೆಣ ತೆಗೆದುಕೊಟ್ಟು, ಮೈ ತೊಳೆದುಕೊಂಡು ಬಂದು ಉಣ್ಣುತ್ತಿದ್ದ.

ನಾಲ್ಕು ವರ್ಷದ ಹಿಂದೆ ಹೊಳೆ ತುಂಬಿದ್ದಾಗ ಅಂಥದೇ ಒಂದು ಕರೆ ಬಂತು. ಮರಿಲಿಂಗಪ್ಪನ ಮೈ ಜ್ವರಕ್ಕೆ ಕೆಂಡದಂತೆ ಕಾಯುತ್ತಿತ್ತು. ತಮ್ಮ ಅರ್ಜುನ ಅವನ ಕಂಬಳಿ ಸರಿಮಾಡಿ, "ನೀ ಮಕ್ಕೋ ಅಣ್ಣಾ, ನಾ ಹೋಗಿ ಬರ್ತೀನಿ" ಎಂದ. ಹೋದವನು ಮೇಲೆ ಬರಲಿಲ್ಲ. ಜ್ವರದ ಮೈಯಲ್ಲೇ ಮರಿಲಿಂಗಪ್ಪ ಒಂಬತ್ತು ದಿನ ಹುಡುಕಿದ. ಮಂದಿಯ ಹೆಣಗಳನ್ನೆಲ್ಲ ತೆಗೆದವನಿಗೆ ತಮ್ಮನ ಹೆಣ ಸಿಗಲಿಲ್ಲ. ಹತ್ತನೆಯ ದಿನ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಹಾಗೆ ಮಲಗಿದ್ದು ಮೂರು ವರ್ಷ. ಬಲೆಯನ್ನು ಇಲಿ ಕಡಿದವು. ಹೆಂಡತಿ ಮೋನಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗಿ ಮನೆ ನಡೆಸಿದಳು. ಕುಡಿದು ಕೆಟ್ಟ ಎಂದು ಊರವರು ಆಡಿಕೊಂಡರು. ಅವನು ಕುಡಿಯುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಶಹಾಪುರದ ಡಾಕ್ಟರು ಕೊಟ್ಟ ಗುಳಿಗೆಯಿಂದ ನಿದ್ದೆಯಷ್ಟೇ ಹೆಚ್ಚಾಯಿತು.

"ಎದ್ದು ಬಾಗಿಲಿಗಾದ್ರೂ ಬರ್ರಿ" ಎಂದು ಮೋನಮ್ಮ ದಿನಾ ಅನ್ನುತ್ತಿದ್ದಳು.

"ಎದ್ದು ಏನ್ ಮಾಡ್ಲಿ?"

ಮೋನಮ್ಮ ಬುತ್ತಿ ಕಟ್ಟಿಕೊಂಡು ಹೊಲದ ದಾರಿ ಹಿಡಿಯುತ್ತಿದ್ದಳು.

ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಕೆಳಗಿನ ಊರಿನಿಂದ ಆಸ್ಮಾ ಎಂಬ ಹೆಣ್ಣುಮಗಳು ಬಂದಳು. ಅವಳ ಗಂಡ ಲಾಡ್ಲೇಸಾಬ ಹೊಲಕ್ಕೆ ನೀರೆತ್ತುವ ಪಂಪಿನ ಪೈಪಿಗೆ ಸಿಕ್ಕ ಕಸ ಬಿಡಿಸಲು ಹೊಳೆಗಿಳಿದವನು ಮುಳುಗಿ ಎರಡು ದಿನವಾಗಿತ್ತು. ಹುಡುಕಲು ಬಂದವರು ಕೈಬಿಟ್ಟು ಹೋಗಿದ್ದರು.

"ಅಣ್ಣಾ, ಮಣ್ಣು ಕೊಡಾಕ ಮೈಯಾದ್ರೂ ಬೇಕು" ಎಂದಳು.

ಮರಿಲಿಂಗಪ್ಪ ಹೊರಳಲಿಲ್ಲ. "ನನ್ನ ತಮ್ಮನ್ನೇ ಹುಡುಕಾಕ ಆಗಲಿಲ್ಲ ತಂಗಿ. ಬ್ಯಾರೇದವರ ಕಡಿ ಹೋಗು."

"ಗೊತ್ತದ. ಅದಕ್ಕೇ ನಿಮ್ಮ ಕಡಿ ಬಂದೀನಿ. ಹೆಣ ತಾನೇ ತೇಲ್ತದ, ಮನ್ಯಾಗ ಹೋಗಿ ಕುಂದ್ರು ಅಂತಾರ ಹುಡುಕಾಕ ಬಂದವರು. ಹಂಗ ಕುಂದ್ರೂದು ಹ್ಯಾಂಗಿರ್ತದಂತ ನಿಮಗ ಗೊತ್ತದ."

ಮರಿಲಿಂಗಪ್ಪ ಈ ಕಡೆ ಹೊರಳಿದ, ಎದ್ದು ನಿಂತ. ಮೂರು ವರ್ಷ ಅವನನ್ನು ಎಬ್ಬಿಸಲು ಹೆಣಗಿದ್ದ ಮೋನಮ್ಮನೇ ಈಗ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗಾದ್ರೂ ಹೋಗ್ರಿ, ಹೊಳಿಗಿ ಬ್ಯಾಡ. ನಿಮ್ಮ ಹೆಣ ಯಾರು ತೆಗೀಬೇಕು?"

ಅವನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಕೊನೆಗೆ ಅವಳೇ ಒಳಗೆ ಹೋಗಿ ಎಮ್ಮೆ ಕಟ್ಟುವ ಹಗ್ಗ ತಂದಳು. "ನಡೀರಿ. ಇದರ ತುದಿ ನನ್ನ ಕೈಯಾಗ ಇರ್ತದ."

ಪಂಪಿನ ಹತ್ತಿರ ದಂಡೆಯಲ್ಲಿ ಮೋನಮ್ಮ ಹಗ್ಗವನ್ನು ಅವನ ಸೊಂಟಕ್ಕೆ ಕಟ್ಟಿದಳು. ಮೊದಲ ಸಲ ಮುಳುಗಿದವನು ತಕ್ಷಣ ಮೇಲೆ ಬಂದು ಏದುಸಿರು ಬಿಟ್ಟ. ನೋಡಲು ನೆರೆದ ಜನರಲ್ಲಿ ಒಬ್ಬ ನಕ್ಕ. ಮೋನಮ್ಮ ಸೊಂಟದ ಗಂಟು ಮತ್ತೊಮ್ಮೆ ಬಿಗಿದಳು. ಎರಡನೆಯ ಸಲ ಅವನ ಅಂಗಾಲಿಗೆ ತಳ ಸಿಕ್ಕಿತು. ನೀರಿನ ಎಳೆತ ನೋಡಿಕೊಂಡು ಪಂಪಿನಿಂದ ಇನ್ನೂರು ಹೆಜ್ಜೆ ಕೆಳಕ್ಕೆ, ಹೊಳೆ ತಿರುಗುವಲ್ಲಿ ಹುಡುಕಿದ. ಮಧ್ಯಾಹ್ನದ ಹೊತ್ತಿಗೆ, ಮುಳುಗಿದ ಜಾಲಿಯ ಬೇರುಗಳ ನಡುವೆ, ಕೈಗೆ ಅಂಗಿ ತಾಗಿತು.

ಹೆಣ ಉಬ್ಬಿತ್ತು, ಮುಖವನ್ನು ಮೀನು ತಿಂದಿದ್ದವು. ಆಸ್ಮಾ ತನ್ನ ಓಢಣಿ ತೆಗೆದು ಹೊದಿಸಿದಳು. ಆಗ ಅತ್ತವನು ಮರಿಲಿಂಗಪ್ಪ. ಅರ್ಜುನ ಹೋದ ಮೇಲೆ ಅದೇ ಮೊದಲ ಸಲ, ಕೆಸರಲ್ಲಿ ಕೂತು, ಜನರೆದುರಿಗೆ ಅತ್ತ.

ಮರುದಿನ ಅವನು ಮತ್ತೆ ಮಲಗಿಯೇ ಇದ್ದ. ಅದರ ಮರುದಿನವೂ. ಮುಗಿಯಿತು ಎಂದುಕೊಂಡಳು ಮೋನಮ್ಮ. ಮೂರನೆಯ ದಿನ ಗಡ್ಡ ಬೋಳಿಸಿಕೊಂಡು, ಹಗ್ಗ ಸುತ್ತಿಕೊಂಡು ಹೊರಟ.

"ಎಲ್ಲಿಗಿ?"

"ಪಂಪ್ ಇದ್ದವರ ಕಡಿ. ಹಗ್ಗ ಇಲ್ಲದೇ ಯಾರೂ ಇಳೀಬಾರದು. ಅರ್ಜುನಗ ಅವತ್ತು ನಾ ಹಗ್ಗ ಕಟ್ಟಲಿಲ್ಲ."

ದಂಡೆಗುಂಟ ಊರೂರು ಅಲೆದು, ಸೊಂಟಕ್ಕೆ ಹಗ್ಗ ಹೇಗೆ ಬಿಗಿಯಬೇಕು, ತುದಿ ಹಿಡಿದವರು ಹೇಗೆ ನಿಲ್ಲಬೇಕು ಎಂದು ತೋರಿಸಿದ. ಕೆಲವರು ಕಲಿತರು, ಕೆಲವರು ಚಹಾ ಕುಡಿಸಿ ಕಳಿಸಿದರು. ಹೊಸ ಬಲೆ ಹೆಣೆದ. ಪೊಲೀಸರ ಜೀಪು ಮತ್ತೆ ಬರತೊಡಗಿತು. ಈ ಮಳೆಗಾಲದಲ್ಲಿ ಎರಡು ಹೆಣ ತೆಗೆದಿದ್ದಾನೆ. ಅವನು ಮುಳುಗುವಾಗ ಮೋನಮ್ಮ ಕೂಲಿ ಬಿಟ್ಟು ದಂಡೆಗೆ ಬರುತ್ತಾಳೆ.

ಅರ್ಜುನನ ಸುಳಿವು ಸಿಕ್ಕಿಲ್ಲ. ಸಿಗುವುದಿಲ್ಲವೆಂದು ಮರಿಲಿಂಗಪ್ಪನಿಗೂ ಗೊತ್ತು. ತಿಂಗಳಿಗೊಂದೆರಡು ದಿನ ಈಗಲೂ ಗೋಡೆಯ ಕಡೆ ಹೊರಳಿ ಮಲಗುತ್ತಾನೆ. ಮೋನಮ್ಮ ಎಬ್ಬಿಸುವುದಿಲ್ಲ. ರೊಟ್ಟಿ ಮುಚ್ಚಿಟ್ಟು ಹತ್ತಿ ಹೊಲಕ್ಕೆ ಹೋಗುತ್ತಾಳೆ. ಸಂಜೆ ಬಂದಾಗ ಒಮ್ಮೊಮ್ಮೆ ರೊಟ್ಟಿ ಹಾಗೇ ಇರುತ್ತದೆ. ಹೆಚ್ಚಿನ ಸಲ ಅವನು ಎದ್ದು ಉಂಡು, ತಟ್ಟೆ ತೊಳೆದಿಟ್ಟಿರುತ್ತಾನೆ.