ಚಿಕ್ಕಮ್ಮನ ಅಣಬೆ ಡ್ರಮ್ಮುಗಳು

ನಮ್ಮ ಚಿಕ್ಕಮ್ಮ ಗುಲಾಬಿ ಬೆಳೆಯುವ ಗಾಜಿನ ಮನೆಯೊಂದರಲ್ಲಿ ಹದಿನೆಂಟು ವರ್ಷ ದುಡಿದರೂ ಒಂದೇ ಒಂದು ಹೂವನ್ನು ಕಿತ್ತವರಲ್ಲ. ಅವರ ಕೆಲಸವೆಲ್ಲ ಹಿಂದಿನ ಅಂಗಳದಲ್ಲಿ. ಗಿಡಕ್ಕೆ ಕೀಟನಾಶಕ ಹೊಡೆದು ಬಂದವರು ಬೆನ್ನಿನಿಂದ ಇಳಿಸಿಟ್ಟ ಕ್ಯಾನು, ಪೈಪು, ಮಾಸ್ಕುಗಳನ್ನು ತೊಳೆದು ಬೋರಲು ಹಾಕುವುದು. ಕೈಗೆ ಮೊಣಕೈವರೆಗಿನ ಗ್ಲೌಸು, ಕಾಲಿಗೆ ರಬ್ಬರ್ ಬೂಟು. ಪ್ರತಿ ಕ್ಯಾನಿಗೂ ಮೂರು ನೀರು. ಯಾರಾದರೂ “ಎರಡು ನೀರು ಸಾಕು ಬಿಡಕ್ಕಾ” ಅಂದರೆ, “ನಾಳೆ ಇದನ್ನ ಬೆನ್ನಿಗೆ ಕಟ್ಕೊಳ್ಳೋದು ನಾನಾ, ನೀನಾ?” ಎಂದು ಬಾಯಿ ಮುಚ್ಚಿಸುತ್ತಿದ್ದರು.

ತೊಳೆದ ನೀರು ಅಂಗಳದ ಮೂಲೆಯ ಗುಂಡಿಗೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಅದೆಲ್ಲಿಗೆ ಹೋಗುತ್ತದೆಂದು ಚಿಕ್ಕಮ್ಮ ಸೇರಿದಂತೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ವರ್ಷ ಮೂರು ದಿನ ಬಿಡದೆ ಮಳೆ ಹುಯ್ದು ಗುಂಡಿ ತುಂಬಿ ಹರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ, ಇಳಿಜಾರಿನ ಕೆಳಗಡೆ ಸಣ್ಣ ಕೊಳ ಇಟ್ಟುಕೊಂಡು ಬಾತುಕೋಳಿ ಸಾಕುತ್ತಿದ್ದ ಮುದುಕ ಗೇಟಿನ ಹತ್ತಿರ ಬಂದು ನಿಂತ. ಕೂಗಾಡಲಿಲ್ಲ. ಕೈಯಲ್ಲಿದ್ದ ಬಕೆಟ್ಟನ್ನು ಚಿಕ್ಕಮ್ಮನ ಮುಂದಿಟ್ಟ. ಅದರ ತುಂಬ ಸತ್ತ ಮೀನು.

“ಬಾತುಕೋಳಿಗಳನ್ನ ಹೊರಗೆ ಬಿಟ್ಟಿಲ್ಲಮ್ಮ. ಎಷ್ಟು ದಿನ ಅಂತ ಕೂಡಿಹಾಕಲಿ?” ಎಂದಷ್ಟೇ ಕೇಳಿದ.

ಅಂದು ಚಿಕ್ಕಮ್ಮ, “ನಾನು ತೊಳೆದ ನೀರೇ ತಾನೆ?” ಎಂದು ಮನೆಯಲ್ಲಿ ಮತ್ತೆ ಮತ್ತೆ ಹೇಳಿಕೊಂಡರು.

ಮಾಲೀಕರು ಇನ್ನೂ ದೊಡ್ಡ ಗುಂಡಿ ತೋಡಿಸುತ್ತೇನೆಂದರು. ಚಿಕ್ಕಮ್ಮ ಎಂದೂ ಎದುರಾಡಿದವರಲ್ಲ. ಅವತ್ತು ಮಾತ್ರ, “ಗುಂಡಿ ದೊಡ್ಡದಾದ್ರೆ ವಿಷ ಚಿಕ್ಕದಾಗುತ್ತಾ ಸಾರ್?” ಎಂದುಬಿಟ್ಟರು. ಮಾಲೀಕರು ಕನ್ನಡಕ ಒರೆಸಿಕೊಂಡು, ಮೊದಲು ನೀರಿನ ಪರೀಕ್ಷೆ ಮಾಡಿಸೋಣ ಎಂದರು.

ಆ ವಾರ ನೀರಿನ ಪರೀಕ್ಷೆಗೆಂದು ಲ್ಯಾಬಿನಿಂದ ಒಬ್ಬ ಹುಡುಗಿ ಬಂದಳು. ಬಾಟಲಿಗಳಿಗೆ ನೀರು ತುಂಬಿ ಚೀಟಿ ಅಂಟಿಸುತ್ತಿದ್ದವಳ ಪಕ್ಕದಲ್ಲೇ ಚಿಕ್ಕಮ್ಮ ಕುಕ್ಕರುಗಾಲಲ್ಲಿ ಕೂತರು.

“ಮೇಡಂ, ಇದಕ್ಕೆ ಏನೂ ದಾರಿ ಇಲ್ವಾ?”

“ಇದೆ ಅಮ್ಮಾ, ಆದ್ರೆ ತಾಳ್ಮೆ ಬೇಕು. ಮರ ತಿಂದು ಬದುಕೋ ಅಣಬೆಗಳಿವೆಯಲ್ಲ, ಅವು ಇಂಥ ವಿಷಗಳಲ್ಲಿ ಕೆಲವನ್ನ ಒಡೆದು ಹಾಕ್ತವೆ. ಎಲ್ಲವನ್ನೂ ಅಲ್ಲ. ಅಣಬೆ ಬೆಳೆಯೋರು ಯಾರಾದ್ರೂ ಗೊತ್ತಾ?”

ಚಿಕ್ಕಮ್ಮನಿಗೆ ನಗು ಬಂತು. “ಗೊತ್ತಾ ಅಂದ್ರೆ? ನಮ್ಮನೇಲಿ ಬಟ್ಟೆ ಒಣಹಾಕೋಕೂ ಜಾಗ ಬಿಟ್ಟಿಲ್ಲ ಮಹಾರಾಯ!”

ಮಹಾರಾಯ ಅಂದರೆ ನಮ್ಮ ಚಿಕ್ಕಪ್ಪ. ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ ಹಿಂದಿನ ಕೋಣೆಯಲ್ಲಿ ಅಣಬೆ ಬೆಳೆಯತೊಡಗಿದ್ದರು. ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳು ಸೂರಿನಿಂದ ಸಾಲಾಗಿ ನೇತಾಡುತ್ತಿದ್ದವು. ಬೆಳೆ ಮುಗಿದ ಚೀಲಗಳ ರಾಶಿ ಅಡುಗೆಮನೆ ಬಾಗಿಲವರೆಗೂ ಬಂದು, ಅದೇ ದಿನಾ ಜಗಳಕ್ಕೆ ಕಾರಣವಾಗಿತ್ತು.

ಚಿಕ್ಕಮ್ಮ ಆ ಹಳೇ ಹುಲ್ಲನ್ನೆಲ್ಲ ಗಾಜಿನ ಮನೆಯ ಅಂಗಳಕ್ಕೆ ಸಾಗಿಸಿ, ಒಂದು ಡ್ರಮ್ಮಿಗೆ ತುಂಬಿ, ಮೇಲೆ ಕ್ಯಾನು ತೊಳೆದ ನೀರನ್ನೆಲ್ಲ ಒಂದೇ ಸಲ ಹೊಯ್ದರು. ಹತ್ತು ದಿನಕ್ಕೆ ಅಂಗಳವೆಲ್ಲ ಗಬ್ಬೆದ್ದು ನಾರಿತು. ಹೂ ಕೀಳುವವರು ಮೂಗು ಮುಚ್ಚಿಕೊಂಡು ಓಡಾಡಿದರು.

“ನನ್ನ ಅಣಬೇಲಿ ದೋಷ ಇಲ್ಲ, ನಿನ್ನ ಅವಸರದಲ್ಲಿದೆ,” ಎಂದರು ಚಿಕ್ಕಪ್ಪ.

ಲ್ಯಾಬಿನ ಹುಡುಗಿ ಬಂದು ನೋಡಿ, ಈ ಸಲ ಚಿಕ್ಕಪ್ಪನದೇ ಸರಿ ಎಂದಳು. ನೀರಲ್ಲಿ ಮುಳುಗಿದ ಹುಲ್ಲಿಗೆ ಗಾಳಿ ಸಿಗದೆ ಅಣಬೆ ಸತ್ತು, ಹುಲ್ಲು ಕೊಳೆತುಹೋಗಿತ್ತು. ಅಣಬೆಗೂ ಉಸಿರು ಬೇಕು.

ಎರಡನೆಯ ಸಲ ಗಂಡ ಹೆಂಡತಿ ಒಟ್ಟಿಗೆ ಕೂತು ಯೋಚಿಸಿದರು. ಬಡಗಿಯ ಅಂಗಡಿಯಿಂದ ಮರದ ಚಕ್ಕೆ ತಂದು, ಕುದಿಸಿ, ಆರಿಸಿ, ಅದಕ್ಕೆ ಅಣಬೆಯ ಬೀಜ ಬೆರೆಸಿ ಚಿಕ್ಕಪ್ಪ ಐದು ವಾರ ಕಾದರು. ಚಕ್ಕೆಯ ಮೇಲೆಲ್ಲ ಹತ್ತಿಯಂಥ ಬಿಳಿ ಎಳೆ ಹಬ್ಬಿದ ಮೇಲೆ ಮೂರು ಡ್ರಮ್ಮುಗಳಿಗೆ ತುಂಬಿದರು. ಗಾಳಿಯಾಡಲು ಡ್ರಮ್ಮುಗಳ ಮೇಲ್ಭಾಗದ ಸುತ್ತ ತೂತು. ನೀರು ತೊಟ್ಟು ತೊಟ್ಟಾಗಿ ಒಂದರಿಂದ ಇನ್ನೊಂದಕ್ಕೆ ಇಳಿಯಬೇಕು, ಎಲ್ಲೂ ನಿಲ್ಲಬಾರದು. ಅದಕ್ಕೆಂದು ಕೂರಿಸಿದ ನಲ್ಲಿಯನ್ನು ತಿರುಗಿಸುವ ಕೆಲಸ ಚಿಕ್ಕಮ್ಮನದು. ಇನ್ಯಾರೂ ಅದನ್ನು ಮುಟ್ಟುವಂತಿರಲಿಲ್ಲ.

ಒಂದು ದಿನ ನೋಡುತ್ತಾರೆ, ಡ್ರಮ್ಮಿನ ತೂತುಗಳಿಂದ ಅಂಗೈಯಗಲದ ಅಣಬೆಗಳು ಗೊಂಚಲು ಗೊಂಚಲಾಗಿ ಹೊರಬಂದಿವೆ! ಚಿಕ್ಕಪ್ಪನ ಬಾಯಲ್ಲಿ ನೀರೂರಿತು.

“ನನ್ನ ಕೋಣೇಲಿ ಒಂದು ಸಲನೂ ಇಷ್ಟು ಚೆನ್ನಾಗಿ ಬಂದಿಲ್ಲ ಕಣೇ. ಒಂದೇ ಒಂದು...”

“ತಿನ್ನಿ. ಆಮೇಲೆ ನಿಮ್ಮನ್ನೂ ಮೂರು ನೀರಲ್ಲಿ ತೊಳೀತೀನಿ,” ಎಂದು ಚಿಕ್ಕಮ್ಮ ಅಷ್ಟನ್ನೂ ಕಿತ್ತು, ಚೀಲದಲ್ಲಿ ಬಿಗಿದು, ಲ್ಯಾಬಿನವರಿಗೆ ಒಪ್ಪಿಸಿದರು.

ಪರೀಕ್ಷೆಯ ಫಲ ಬಂದಾಗ ಹುಡುಗಿ ಅದನ್ನು ಬಿಡಿಸಿ ಹೇಳಿದಳು. ನೀರಿನಲ್ಲಿದ್ದ ಮೂರು ವಿಷಗಳಲ್ಲಿ ಎರಡು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೂರನೆಯದು ಮಾತ್ರ ಅರ್ಧ ಉಳಿದಿದೆ. ಮಾಲೀಕರು ಆ ಮೂರನೆಯದನ್ನು ತರಿಸುವುದನ್ನೇ ನಿಲ್ಲಿಸಿದರು, ಗುಂಡಿಯನ್ನೂ ಮುಚ್ಚಿಸಿದರು. ಡ್ರಮ್ಮು ದಾಟಿ ಬಂದ ನೀರು ಈಗ ಹೊರಗೆ ಹೋಗುವುದಿಲ್ಲ. ಕ್ಯಾನು ತೊಳೆಯುವ ಮೊದಲ ನೀರಿಗೆ ಅದೇ ಬಳಕೆಯಾಗುತ್ತದೆ. ಮುದುಕನಿಗೆ ಸುದ್ದಿ ಮುಟ್ಟಿಸಲು ಚಿಕ್ಕಮ್ಮ ತಾವೇ ಕೊಳದ ಹತ್ತಿರ ಹೋಗಿ ಬಂದರು. ಮುಂದಿನ ಮಳೆಗಾಲ ಕಳೆದ ಮೇಲೆ ಲ್ಯಾಬಿನವರು ಅಲ್ಲಿಯ ನೀರನ್ನೂ ನೋಡಿ ಅಡ್ಡಿಯಿಲ್ಲವೆಂದರು. ಬಾತುಕೋಳಿಗಳು ಕೊಳಕ್ಕಿಳಿದವು.

ಹೋದ ತಿಂಗಳು ಇನ್ನೊಂದು ಗಾಜಿನ ಮನೆಯವರು ಇವರಿಬ್ಬರನ್ನೂ ಕರೆಸಿಕೊಂಡಿದ್ದರು. ನಾನೂ ಜೊತೆಗೆ ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಚಿಕ್ಕಪ್ಪ ಎಲ್ಲರ ಮುಂದೆ ನಿಂತು ಅಣಬೆಯ ಕುಲಗೋತ್ರವನ್ನೆಲ್ಲ ಹೇಳತೊಡಗಿದರು. ಚಿಕ್ಕಮ್ಮ ಆಗಲೇ ಅಂಗಳದ ಮೂಲೆ ಸೇರಿ, ಅಲ್ಲಿಯ ತೊಳೆಯುವ ಹೆಂಗಸಿನ ಪಕ್ಕ ಕೂತುಬಿಟ್ಟಿದ್ದರು.

“ಮೊದಲು ಹೇಳು, ಕ್ಯಾನಿಗೆ ಎಷ್ಟು ನೀರು ಹಾಕ್ತೀಯ?” ಎಂದು ಕೇಳುತ್ತ ಅವಳ ಹರಿದ ಗ್ಲೌಸನ್ನು ಕಳಚಿ, ತಮ್ಮ ಚೀಲದಿಂದ ಹೊಸ ಜೊತೆಯೊಂದನ್ನು ತೆಗೆದು ಕೊಟ್ಟರು.