ತಳ್ಳುಗಾಡಿಯ ಹೊಟ್ಟೆಗೊಂದು ಹಾರ

ಹಲಸೂರಲ್ಲಿ ನನ್ನದು ಫೋಟೋಗಳಿಗೆ ಫ್ರೇಮ್ ಹಾಕೋ ಅಂಗಡಿ. ಇಂದಿರಾನಗರದ ಒಬ್ಬ ಯಜಮಾನರು ಇನ್ನೂರು ವರ್ಷ ಹಳೆಯ ಇಂಗ್ಲಿಷರ ಚಿತ್ರವೊಂದನ್ನು ತಂದರು. ತಾಮ್ರದ ತಗಡಿನಿಂದ ಅಚ್ಚೊತ್ತಿ, ಕೈಯಲ್ಲಿ ಬಣ್ಣ ಬಳಿದದ್ದು. ದಢೂತಿ ಬಿಳಿ ಸಾಹೇಬನೊಬ್ಬ ತನ್ನ ಹೊಟ್ಟೆ ಹೊರಲಾರದೆ ಅದನ್ನು ತಳ್ಳುಗಾಡಿಯ ಮೇಲಿಟ್ಟುಕೊಂಡಿದ್ದಾನೆ. ಮೂಗು ಟೊಮೆಟೊ ಹಣ್ಣಿನ ಹಾಗಿದೆ. ಗಾಡಿ ತಳ್ಳುತ್ತಿರುವವನು ಪೇಟ ಸುತ್ತಿದ ನಮ್ಮವನು.

“ನಮ್ಮ ವಂಶದ ಹಿರಿಯರು ದಂಡಿನಲ್ಲಿ ಇಂಥ ದೊರೆಗಳಿಗೆ ಬಲಗೈ ಆಗಿದ್ರು ಕಣ್ರೀ. ಮನೆ ಹಾಲ್‌ನಲ್ಲಿ ತೂಗುಹಾಕ್ಬೇಕು. ಆ ಮೂಗಿನ ಕೆಂಪು ಸ್ವಲ್ಪ ಕಮ್ಮಿ ಮಾಡ್ಕೊಡಿ.”

“ಸರ್, ಇದು ದೊರೇನ ಆಡ್ಕೊಂಡು ಬರೆದಿರೋ ಚಿತ್ರ. ಕೆಂಪು ಬೇಕಂತಲೇ ಬಳಿದಿದ್ದಾರೆ,” ಅಂದೆ.

“ಫ್ರೇಮ್ ಹಾಕೋರಿಗೆ ಅದೆಲ್ಲ ಯಾಕ್ರೀ?”

ನನಗೂ ಉರಿಯಿತು. ಅವರಿಗೆ ನಾಚಿಕೆಯಾದರೂ ಆಗಲಿ ಅಂತ, “ಹಾಗಾದ್ರೆ ಗಾಡಿ ತಳ್ತಿರೋರೇ ನಿಮ್ಮ ಹಿರಿಯರಾ?” ಅಂದೆ.

ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮುಖ ಅರಳಿತು.

“ಅವರೇ ಇರ್ಬೇಕು ರೀ! ಹಾರ ಹಾಕೋಕೆ ಮೇಲೊಂದು ಮೊಳೆ ಹೊಡೀರಿ.”

ಹೊಡೆದುಕೊಟ್ಟೆ. ಹಿರಿಯರು ಚಿತ್ರದ ಅಂಚಲ್ಲಿ ಮುದುಡಿಕೊಂಡಿದ್ದಾರೆ, ಮೊಳೆ ಇರುವುದು ಫ್ರೇಮಿನ ಮೇಲಂಚಿನ ನಟ್ಟನಡುವೆ. ಅವರ ಮನೆಯ ಮಲ್ಲಿಗೆ ಹಾರ ದಿನಾ ಹೋಗಿ ಕೂರುವುದು ಸಾಹೇಬನ ಹೊಟ್ಟೆಯ ಮೇಲೆ.